ಕನ್ನಡಿ ಹಿಡಿದವಳ ಪಕ್ಕ ಮುತ್ತಿನ ಸರ

ರೀ, ಹಾರನಹಳ್ಳಿಗೆ, ಅಮ್ಮನ ಮನೆಗೆ ಹೊರಟಿದ್ದೀನಿ. ಸೋಮವಾರ ಬರ್ತೀನಿ. ಸಾರು ಮಾಡಿಟ್ಟಿದ್ದೀನಿ, ಮುದ್ದೆ ನೀವೇ ತಿರುವಿಕೊಳ್ಳಿ.

ಬೆಳಿಗ್ಗೆ ನಿಮ್ಮ ವೆಬ್‌ಸೈಟ್ ನೋಡಿದೆ. ಬೇಲೂರಿನ ಆ ಕನ್ನಡಿ ಹಿಡಿದ ಕಲ್ಲಿನ ಹೆಂಗಸಿನ ಮೇಲೆ ನಾಲ್ಕು ಪುಟ ಬರೆದಿದ್ದೀರಿ. ಜಡೆಗೇ ಒಂದು ಪುಟ, ಸೊಂಟಕ್ಕೆ ಇನ್ನೊಂದು! ಬರೆದದ್ದಕ್ಕೆ ತಕ್ಕ ಜಾಹೀರಾತು ತಾನಾಗೇ ಬರುತ್ತೆ, ಓದೋರು ಅದನ್ನ ಒತ್ತಿದರೆ ನಮಗೆ ದುಡ್ಡು ಅಂದಿದ್ರಲ್ಲ. ಅವಳ ಪಕ್ಕ ರೇಷ್ಮೆ ಸೀರೆ, ಮುತ್ತಿನ ಸರ ಬಂದು ಕೂತಿವೆ.

ಗ್ಯಾಸ್‌ನವನು ಬಂದರೆ ಪುಸ್ತಕ ಕಪಾಟಿನಲ್ಲಿದೆ.

ನನ್ನ ಹೆಸರೂ ಎಲ್ಲಾದರೂ ಇದೆಯಾ ಅಂತ ಹುಡುಕಿದೆ. ಹೆಸರಿಲ್ಲ. ಮಾಲೇಕಲ್ಲು ಬೆಟ್ಟದ ಪುಟದಲ್ಲಿ ಒಂದೇ ಸಾಲು: "ಮಂಡಿ ನೋವಿದ್ದರೂ ನನ್ನ ಹೆಂಡತಿ ಬೆಟ್ಟ ಹತ್ತಿದಳು." ಅದರ ಪಕ್ಕ ಮಂಡಿ ನೋವಿನ ಎಣ್ಣೆ!

ಜಾಹೀರಾತನ್ನ ಮನೆಯವರೇ ಒತ್ತಿದರೆ ಕಂಪನಿಯವರು ನಿಮ್ಮ ಅಕೌಂಟ್ ಮುಚ್ಚಿಬಿಡ್ತಾರೆ ಅಂತ ಹೇಳಿದ್ರಿ, ಅದಕ್ಕೇ ಸುಮ್ಮನಿದ್ದೀನಿ. ಇಲ್ಲದಿದ್ದರೆ ಅವಳ ಸರವನ್ನ ನೂರು ಸಲ ಒತ್ತಿರ್ತಿದ್ದೆ.

ಸೋಮವಾರದೊಳಗೆ ನನ್ನ ಬಗ್ಗೆಯೂ ಒಂದು ಪುಟ ಬರೀರಿ. ಅಮ್ಮನ ಫೋನಲ್ಲಿ ತೆಗೆದು ನೋಡ್ತೀನಿ. ಪಕ್ಕದಲ್ಲಿ ಮುತ್ತಿನ ಸರ ಬಂದಿದ್ದರೆ ಅವತ್ತೇ ಬಸ್ ಹತ್ತುತ್ತೀನಿ. ಮತ್ತೆ ಎಣ್ಣೆಯೇ ಬಂದಿದ್ದರೆ, ಮುದ್ದೆ ತಿರುವೋದನ್ನ ಚೆನ್ನಾಗಿ ಕಲಿತುಕೊಳ್ಳಿ.

ಸುಮಿತ್ರ