ಅಮ್ಮ ಎಣ್ಣೆ ಸವರಿದ ಕಮಾನು

೭ ಮಾರ್ಚ್ ೧೯೫೬, ಬೆಳಿಗ್ಗೆ ೮
ಎರಡು ಗಂಟೆ ಪಿಟೀಲು ಸಾಧನೆ ಆಯಿತು. ಎಡಗೈ ಬೆರಳಿಗೆ ಎಂದಿನಂತೆ ತೊಟ್ಟು ಕೊಬ್ಬರಿ ಎಣ್ಣೆ — ತಂತಿ ಮೇಲೆ ಸಲೀಸಾಗಿ ಜಾರಲಿ ಎಂದು. ಅಮ್ಮ ಬಾಗಿಲಲ್ಲೇ ಕೂತು ನೋಡುತ್ತಿದ್ದಳು. ನಾಳೆ ರೇಡಿಯೋದಲ್ಲಿ ನನ್ನ ಮೊದಲ ಸೋಲೋ. ಹನ್ನೆರಡು ವರ್ಷ ಹಾಡುವವರ ಪಕ್ಕ ಕೂತದ್ದಾಯಿತು. ನಾಳೆ ಕೆಟ್ಟರೆ ಮತ್ತೆ ಅದೇ ಪಕ್ಕ.

೮ ಮಾರ್ಚ್
ಸ್ಟುಡಿಯೋದಲ್ಲಿ ಪೆಟ್ಟಿಗೆ ತೆರೆದರೆ ಕಮಾನಿನ ಕೂದಲೆಲ್ಲ ಎಣ್ಣೆ. ತಂತಿ ಹಿಡಿಯಲೆಂದು ರಾಳ ತಿಕ್ಕಿದಷ್ಟೂ ಜಾರಿತು. ಪಿಟೀಲು ತುಟಿ ಪಿಟಕ್ಕೆನ್ನಲಿಲ್ಲ. ಅಲ್ಲಿದ್ದ ಹಿರಿಯ ವಿದ್ವಾಂಸರೊಬ್ಬರ ಕೈಕಾಲು ಹಿಡಿದು ಅವರ ಕಮಾನು ಇಸಕೊಂಡೆ. ಪುಣ್ಯ... ಚೆನ್ನಾಗಿಯೇ ಬಂತು.

ಕೆಂಡವಾಗಿ ಯಶವಂತಪುರದ ಮನೆಗೆ ಬಂದೆ. ಅಮ್ಮ ಹೋಟೆಲಿನ ರೇಡಿಯೋ ಮುಂದೆ ಓಣಿಯವರನ್ನೆಲ್ಲ ಕೂರಿಸಿಕೊಂಡು ಕೇಳಿದ್ದಳಂತೆ.
“ಕೂದ್ಲು ಒಣಗೋಗಿತ್ತು ಕಣಪ್ಪ ಆನಂದ. ನಾನೇ ಒಸಿ ಎಣ್ಣೆ ಸವರ್ದೆ. ಅದ್ಕೇ ಅಷ್ಟು ನುಣ್ಣಗೆ ಬಂತು.”
“ಹೂಂ, ಅದಕ್ಕೇ” ಎಂದೆ. ಆ ಮುಖ ನೋಡಿ ಇನ್ನೇನು ಹೇಳಲಿ.

೨ ಏಪ್ರಿಲ್
ಹಳೇ ಕಮಾನೊಂದು ತಂದೆ. ಪೆಟ್ಟಿಗೆಯಲ್ಲಿ ಅದು. ನಾನು ನುಡಿಸುವ ಕಮಾನು ಬೀರುವಿನ ಮೇಲೆ, ಅಮ್ಮನಿಗೆ ಕಾಣದಂತೆ. ಕಛೇರಿಯ ಹಿಂದಿನ ದಿನ ಅಮ್ಮ ಬೇಕಾದಷ್ಟು ಸವರಲಿ.
“ಒಂದ್ಮಾತು ಹೇಳ್ಬಿಡೋದು ಬಿಟ್ಟು ಇಷ್ಟು ನಾಟಕನೇನ್ರೀ?” ಎಂದಳು ನನ್ನವಳು, ನಾರಾಯಣಮ್ಮ. ನೀನೇ ಹೇಳು ಎಂದೆ. ಅವಳೂ ಹೇಳಲಿಲ್ಲ.

೨೨ ಜನವರಿ ೧೯೬೪
ದೊಡ್ಡ ಪ್ರಶಸ್ತಿ. ಪೇಪರಿನವರು ಮನೆಗೇ ಬಂದರು. ನಿಮ್ಮ ನಾದದ ಗುಟ್ಟೇನು ಎಂದರು. ಅಮ್ಮ ಎಣ್ಣೆ ಬಟ್ಟಲು ಹಿಡಿದು ಬಂದು ಎಲ್ಲ ಒದರಿಬಿಟ್ಟಳು. ವರದಿಗಾರ ನನ್ನ ಮುಖ ನೋಡಿದ. ಅಚ್ಚಾದರೆ ಪಿಟೀಲು ಬಲ್ಲವರೆಲ್ಲ ನಗುತ್ತಾರೆ.
“ಹೌದು. ಹಾಗೇ ಬರೀರಿ” ಎಂದೆ.

೩೦ ಜನವರಿ
ಮದ್ರಾಸಿನಿಂದಲೂ ಗೇಲಿಯ ಕಾಗದ. ಅಮ್ಮ ಪೇಪರ್ ಹಿಡಿದು ಗೊರಗುಂಟೆಪಾಳ್ಯದವರೆಗೂ ತೋರಿಸಿ ಬಂದಳು. ನಗುವವರು ನಗಲಿ. ನನಗಂತೂ ಖುಷಿ.

೩ ಜೂನ್ ೧೯೬೬, ಸಂಜೆ
ಅಮ್ಮ ಹಾಸಿಗೆ ಹಿಡಿದು ತಿಂಗಳಾಯಿತು. ನಾಳೆ ಕಛೇರಿ. ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.
“ಬೀರು ಮೇಲಿಂದು ತಗೊಂಡೋಗು. ನೀನು ನುಡ್ಸೋದು ಅದೇ ತಾನೆ.”
ಯಾವಾಗ ತಿಳಿಯಿತು ಎಂದೆ.
“ಪೇಪರ್ ಬಂತಲ್ಲ, ಆ ವಾರವೇ. ಎಣ್ಣೆ ಹಚ್ಚಿದ್ರೆ ನುಡಿಯಲ್ಲ ಅಂತ ಜನ ನಕ್ಕಾಗ ಹುಡುಕ್ದೆ, ಬೀರು ಮೇಲೆ ಸಿಕ್ತು.”
“ಮತ್ತೆ ಎರಡು ವರ್ಷ ಸವರಿದೆಯಲ್ಲಮ್ಮ?”
“ಬಿಟ್ಟಿದ್ರೆ ನಂಗೆ ಗೊತ್ತಾಗೋಯ್ತು ಅಂತ ನೀನು ನೊಂದ್ಕೊತಿದ್ದೆ. ಇಂಗೇ ಇರ್ಲಿ ಅಂದ್ಕೊಂಡೆ.”
ಬೀರುವಿನ ಮೇಲಿನ ಕಮಾನು ಇಳಿಸಿದೆ. ಎಣ್ಣೆ ಬಟ್ಟಲು ತಂದೆ. ಬೇಡ ಬೇಡ ಎನ್ನುತ್ತಿದ್ದವಳ ಕೈ ಹಿಡಿದು ಆ ಕಮಾನಿಗೇ ಸವರಿಸಿದೆ. ನಾಳೆಗೆ ಯಾರದಾದರೂ ಕಮಾನು ಇಸಕೊಂಡರಾಯಿತು.