ಪ್ರಶ್ನೆಗೂ ಉತ್ತರಕ್ಕೂ ನಡುವಿನ ಎಂಟು ಗಂಟೆ

ವಿಜ್ಞಾನ ಅನುದಾನ ಇಲಾಖೆಯ ಮಾನ್ಯ ಕಾರ್ಯದರ್ಶಿಗಳೇ,

ನಿಮ್ಮ ಆದೇಶ ತಲುಪಿತು. ಬಾಹ್ಯಾಕಾಶ ಸಂಶೋಧನೆಯ ಅನುದಾನವನ್ನು ಅರ್ಧಕ್ಕೆ ಇಳಿಸಿದ್ದೀರಿ. ದೂರದ ನೌಕೆಯೊಂದಿಗೆ ಮಾತಾಡುವ ನಮ್ಮ ಕೋಣೆಗೆ ಈ ತಿಂಗಳ ಕೊನೆಯ ಸಂಜೆ ಬೀಗ ಹಾಕಿಸುತ್ತೀರಿ. ಕಾರಣವನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ: ‘ತಪಾಸಣೆಯ ವೇಳೆ ಸಿಬ್ಬಂದಿ ಕೆಲಸವಿಲ್ಲದೆ ಕುಳಿತಿದ್ದುದು ಕಂಡುಬಂದಿದೆ.’ ಕುಳಿತಿದ್ದೆವು, ನಿಜ. ಹಾಗೆ ಕಂಡುಬಂದವರಲ್ಲಿ ನಾನೂ ಒಬ್ಬಳು. ನನ್ನ ಕೈಯಲ್ಲಿ ಕವನ ಸಂಕಲನವೂ ಇತ್ತು. ಅದನ್ನು ವರದಿಯಲ್ಲಿ ‘ಕರ್ತವ್ಯಕ್ಕೆ ಸಂಬಂಧಪಡದ ಪುಸ್ತಕ’ ಎಂದಿದ್ದಾರೆ. ಆ ಬಗ್ಗೆ ನನ್ನ ತಕರಾರು ಬೇರೆಯೇ ಇದೆ, ಇರಲಿ.

ಏಕೆ ಕುಳಿತಿದ್ದೆವೆಂದು ಹೇಳುತ್ತೇನೆ. ನಮ್ಮ ನೌಕೆ ಹೊರಟಾಗ ನನ್ನ ಮಗಳಿಗೆ ಹಾಲುಹಲ್ಲು. ಈಗ ಅವಳು ನನಗೇ ಬುದ್ಧಿ ಹೇಳುತ್ತಾಳೆ. ಅಷ್ಟು ವರ್ಷ ಓಡಿದ ನೌಕೆ ಈಗ ಸೂರ್ಯನ ಸಂಸಾರದ ಅಂಚಿನಲ್ಲಿ, ಯಾರೂ ಹತ್ತಿರದಿಂದ ಕಾಣದ ಹಿಮದ ಗೋಳವೊಂದರ ಹೊಸ್ತಿಲಲ್ಲಿದೆ. ನಮ್ಮ ಮಾತು ಅಲ್ಲಿಗೆ ಮುಟ್ಟಲು ನಾಲ್ಕು ಗಂಟೆ, ಅದರ ಉತ್ತರ ಬರಲು ಮತ್ತೆ ನಾಲ್ಕು. ಬೆಳಕಿಗಿಂತ ಬೇಗ ಹೋಗೆಂದು ಗದರಿಸುವ ಅಧಿಕಾರ ನಮಗಿಲ್ಲ. ನಿಮಗಿದ್ದರೆ ಸುತ್ತೋಲೆ ಹೊರಡಿಸಿ. ಬೆಳಿಗ್ಗೆ ಕೇಳುತ್ತೇವೆ, ಸಂಜೆ ಉತ್ತರ ಬರುತ್ತದೆ. ಕೇಳಿದವರೇ ಉತ್ತರ ಬರುವವರೆಗೂ ಕೂರಬೇಕು. ಇದು ಯಾವ ನಿಯಮಾವಳಿಯಲ್ಲೂ ಇಲ್ಲದ, ನಮ್ಮ ಕೋಣೆಯಲ್ಲಿ ಯಾರೂ ಮುರಿಯದ ಕಟ್ಟಳೆ. ಪ್ರಶ್ನೆ ಕೇಳಿ ಎದ್ದುಹೋಗುವುದು ದೊಡ್ಡವರಿಗೆ ಶೋಭಿಸಬಹುದು, ನಮಗಲ್ಲ.

ನಿಮ್ಮ ತಪಾಸಣಾಧಿಕಾರಿ ಬಂದದ್ದು ಮಧ್ಯಾಹ್ನ, ಎಂಟು ಗಂಟೆಯ ನಟ್ಟನಡುವೆ. ಖಾಲಿ ಪರದೆಯನ್ನು ನೋಡಿ, “ಏನಮ್ಮ, ಏನೂ ಬಂದಿಲ್ವಲ್ಲ?” ಎಂದರು.

“ನಮ್ಮ ಪ್ರಶ್ನೆ ಈಗ ಅಲ್ಲಿಗೆ ಮುಟ್ತಿರಬೇಕು ಸಾರ್.”

“ಮತ್ತೆ ಬೆಳಿಗ್ಗೆಯಿಂದ ಏನ್ ಮಾಡ್ತಿದ್ರಿ?”

“ಮುಟ್ಲಿ ಅಂತ ಕೂತಿದ್ವಿ.”

ಅವರು ಜೊತೆಯವರ ಮುಖ ನೋಡಿದರು, ಚಹಾ ಕುಡಿದರು, ಹೊರಟರು. ಉತ್ತರ ಬಂದಾಗ ಅವರ ಲೋಟಗಳು ಇನ್ನೂ ಮೇಜಿನ ಮೇಲಿದ್ದವು. ತೊಳೆದವಳು ನಾನೇ, ಅದನ್ನಾದರೂ ಕೆಲಸವೆಂದು ನಮೂದಿಸಿಕೊಳ್ಳಿ.

ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ ನಿಮ್ಮ ಪರ ನಿಲ್ಲುತ್ತಾರೆಂದುಕೊಂಡಿದ್ದೆ. ಅವರು ಪೇಪರಿನ ಹಿಂದೆ ಅಡಗಿದ್ದ ಮಗನತ್ತ ನೋಡಿ, “ಎಂಟು ಗಂಟೇಲಿ ಉತ್ತರ ಕೊಡುತ್ತಾ? ಪುಣ್ಯವಂತೆ ಕಣೇ ನೀನು. ಬಚ್ಚಲ ನಲ್ಲಿ ಯಾವಾಗ ರಿಪೇರಿ ಮಾಡಿಸ್ತೀಯಾ ಅಂತ ಹೋದ ವರ್ಷ ಇವನನ್ನ ಕೇಳಿದ್ದು, ಇನ್ನೂ ಕಾಯ್ತಿದೀನಿ” ಎಂದರು. ನನ್ನ ಗಂಡ ಪುಟ ತಿರುವಿದರು.

ನಿಮ್ಮ ಕಚೇರಿಯಾದರೋ ನಮ್ಮ ಎದುರು ರಸ್ತೆಯಲ್ಲೇ ಇದೆ. ಬೀಗದ ದಿನವನ್ನು ಮುಂದೂಡಿ ಎಂಬ ಮನವಿಯನ್ನು ನಾನೇ ನಡೆದು ಬಂದು ಕೊಟ್ಟೆ. ವಾರವಾದರೂ ಉತ್ತರವಿಲ್ಲ. ನಮ್ಮ ಲೆಕ್ಕದಲ್ಲಿ ಅಳೆದರೆ, ಸ್ವಾಮಿ, ನಿಮ್ಮ ಮೇಜು ನೆಪ್ಚೂನಿನಿಂದಲೂ ಬಹಳ ಆಚೆಗಿದೆ.

ಈಗ ನಗು ಬಿಟ್ಟು ಹೇಳುತ್ತೇನೆ. ನೌಕೆ ನಿಲ್ಲಲಾರದು, ಹಿಂದಿರುಗಲಾರದು. ಮುಂದಿನ ತಿಂಗಳು ಆ ಗೋಳದ ಪಕ್ಕದಲ್ಲಿ ಒಂದೇ ಒಂದು ಸಲ ಹಾದುಹೋಗುತ್ತದೆ. ನಾವು ಹೇಳಿದರೆ ಕ್ಯಾಮೆರಾ ಅತ್ತ ತಿರುಗಿಸುತ್ತದೆ. ಹೇಳುವವರಿಲ್ಲದಿದ್ದರೆ ಕಣ್ಣು ಮುಚ್ಚಿಕೊಂಡೇ ದಾಟುತ್ತದೆ. ಇಷ್ಟು ವರ್ಷ ನಡೆಸಿಕೊಂಡು ಹೋಗಿ ಬಾಗಿಲಲ್ಲಿ ಕೈಬಿಡುವುದಕ್ಕೆ ಉಳಿತಾಯವೆಂದು ಹೆಸರೇ?

ಅದು ದಾಟುವವರೆಗೆ ಕೋಣೆಯನ್ನು ತೆರೆದಿಡಿ. ಇಷ್ಟೇ ನನ್ನ ಬೇಡಿಕೆ. ಒಪ್ಪದಿದ್ದರೆ, ಬೀಗ ಹಾಕುವ ದಿನ ಬೆಳಿಗ್ಗೆ ನಾನು ನೌಕೆಯನ್ನು ಎಂದಿನಂತೆ ಕ್ಷೇಮವೇ ಎಂದು ಕೇಳುತ್ತೇನೆ. ನಿಮ್ಮವರು ಐದು ಗಂಟೆಗೆ ಬರುತ್ತಾರಂತೆ. ಉತ್ತರ ಬರುವುದು ಆರಕ್ಕೆ. ಹೊರಗಿನಿಂದ ಧಾರಾಳವಾಗಿ ಬೀಗ ಹಾಕಿಕೊಳ್ಳಲಿ. ಕಟ್ಟಳೆಯಂತೆ ನಾನು ಒಳಗೆ ಕೂತಿರುತ್ತೇನೆ. ಡಬ್ಬಿ ತಂದಿರುತ್ತೇನೆ, ಪುಸ್ತಕವೂ ಇದೆ.

ಇಂತಿ,
ಕೆಲಸವಿಲ್ಲದೆ ಕುಳಿತಿದ್ದುದು ಕಂಡುಬಂದವಳು