ಮೊದಲನೇ ಮುದ್ದೆ

ಅಪ್ಪಾಜಿಗೆ ದೀಪಿಕ ಮಾಡುವ ನಮಸ್ಕಾರಗಳು.

ಅಕ್ಕನ ಹೆಸರು ಬಂದರೆ ನೀವು ಫೋನ್ ಇಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ. ಬಯ್ಯುವುದಿದ್ದರೆ ಪೂರ್ತಿ ಓದಿ ಬಯ್ಯಿರಿ. ಹಿಮ ನೋಡಲು ಹೋಗುತ್ತೇವೆ ಎಂದು ನಾನೂ ನಿಮ್ಮ ಅಳಿಯನೂ ಬಸರಾಳಿನಿಂದ ಕಾರು ಹತ್ತಿದ್ದು ಅರ್ಧ ಸುಳ್ಳು. ಐದು ದಿನ ಓಡಿಸಿ, ಕೊನೆಗೆ ರಸ್ತೆ ಹಿಮದಲ್ಲಿ ಮುಚ್ಚಿಹೋಗಿ, ಕಾರು ಬಿಟ್ಟು ನಡೆದು ಬಂದಿದ್ದು ಗಗನಕ್ಕನ ಊರಿಗೆ.

ಬೆಟ್ಟದವನನ್ನು ಮದುವೆಯಾದಳೆಂದು ನೀವು ಮಾತು ಬಿಟ್ಟು ಏಳು ವರ್ಷ. ಅವಳೂ ನಿಮ್ಮ ವಿಷಯ ಎತ್ತಲೇ ಇಲ್ಲ. "ಅಸ ಕರ ಆಕ್ತಾ? ಕಬ್ಬು ಕಡ್ದಾಯ್ತಾ?" ಅಷ್ಟೇ. ನನಗೆ ಸಿಟ್ಟು ಬಂತು.

ಊಟಕ್ಕೆ ಮುದ್ದೆ ಮಾಡಿದಳು. ಇಲ್ಲಿಯೂ ರಾಗಿ ಸಿಗುತ್ತದಂತೆ. ಭಾವನೂ ಸೇರಿ ನಾವು ನಾಲ್ಕೇ ಜನ, ಮುದ್ದೆ ಐದು. ಎಲ್ಲರೂ ಉಂಡ ಮೇಲೂ ಮೊದಲು ಕಟ್ಟಿದ್ದು ತಟ್ಟೆಯಲ್ಲೇ ಇತ್ತು.

"ಇದ್ಯಾರಿಗಕ್ಕ?" ಎಂದೆ.

"ಮೊದಲ್ನೇ ಮುದ್ದೇನ ನಮ್ಮನೇಲಿ ನಾವ್ ಮುಟ್ತಿದ್ವೇನೇ?" ಎಂದಳು.

ನಿಮ್ಮ ತಟ್ಟೆಗೆ ಬಿದ್ದ ಮೇಲೇ ಅಲ್ಲವೇ ನಾವು ಕೂರುತ್ತಿದ್ದದ್ದು? ದಿನಾ ಹೀಗೇ ಎತ್ತಿಟ್ಟು, ಆಮೇಲೆ ಹಸುವಿಗೆ ಹಾಕುತ್ತಾಳೆ ಎಂದು ಭಾವ ಹೇಳಿದರು.

ಈಗ ಅವಳನ್ನು ಊರಿಗೆ ಬಾ ಎನ್ನಲೋ, ನಿಮ್ಮನ್ನೇ ಇಲ್ಲಿಗೆ ಬನ್ನಿ ಎನ್ನಲೋ, ಒಂದೂ ತಿಳಿಯುತ್ತಿಲ್ಲ. ಅವಳ ನಂಬರ್, ವಿಳಾಸ ಎರಡನ್ನೂ ಈ ಕಾಗದದ ಹಿಂದೆ ಬರೆದಿದ್ದೇನೆ. ಮಾತಾಡುವುದು ಆಗದಿದ್ದರೆ ನಮ್ಮನೆಯ ಮುದ್ದೆ ಕೋಲನ್ನಾದರೂ ಕಳಿಸಿ. ಸೌಟಿನ ಹಿಡಿಯಲ್ಲಿ ತಿರುವಿ ತಿರುವಿ, ನಿಮ್ಮ ಮುದ್ದೆ ದಿನಾ ಗಂಟಾಗುತ್ತಿದೆ.

ನಿಮ್ಮ ಚಿಕ್ಕ ಮಗಳು,
ದೀಪಿಕ